ಶಬ್ದಮಣಿದರ್ಪಣಕಾರ ಕೇಶಿರಾಜ

ಕನ್ನಡ ನಾಡುನುಡಿಗಳಿಗೆ ಜೈನರು ಸಲ್ಲಿಸಿರುವ ಸೇವೆ ಬಹುಮುಖವಾದುದು. ಬೆಟ್ಟವನ್ನು ಬಿಂಬವಾಗಿಸಿದವರು, ಊರೂರಿಗೆ ಬಸದಿಗಳನ್ನು ಕಟ್ಟಿಸಿದವರು, ಕೆರೆಕಟ್ಟೆಗಳನ್ನು ತೋಡಿಸಿದವರು, ಪುರಾಣಕಾವ್ಯಗಳನ್ನು ರಚಿಸಿದವರು, ರಚಿಸಿದುದನ್ನು ಪ್ರತಿ ಮಾಡಿಸಿ ಹಂಚಿದವರು, ಇವರೆಲ್ಲರ ಹೆಸರೂ ನಮ್ಮ ಸಮಾಜದಲ್ಲಿ ಮನೆಮಾತಾಗಿದೆ. ಆದರೆ ಈ ಎಲ್ಲ ಕಾವ್ಯಗಳ ಭಾಷೆಯನ್ನೇ ಕಾಪಾಡಿಕೊಟ್ಟ ಒಬ್ಬ ಮಹನೀಯನನ್ನು ಶಾಲೆಯ ಪಾಠದಾಚೆಗೆ ನೆನೆಯುವವರು ಕಡಿಮೆ. ಆತನೇ ಹದಿಮೂರನೆಯ ಶತಮಾನದಲ್ಲಿ ಬಾಳಿದ ಕೇಶಿರಾಜ. ಕನ್ನಡದ ಪದಗಳು ಯಾವ ಯಾವ ಅರ್ಥಕ್ಕಾಗಿ ಯಾವ ಯಾವ ರೂಪವನ್ನು ತಾಳುತ್ತವೆ ಎಂಬುದನ್ನು ಕನ್ನಡದಲ್ಲಿಯೇ ಸಮಗ್ರವಾಗಿ ವಿವರಿಸಿದ ಮೊದಲ ಗ್ರಂಥವಾದ ಶಬ್ದಮಣಿದರ್ಪಣವು ಆತನ ಕೃತಿ.

ಕವಿಗಳ ಮನೆತನ

ಕೇಶಿರಾಜನು ಹುಟ್ಟಿದ್ದು ವಿದ್ಯೆಯೇ ಆಸ್ತಿಯಾಗಿದ್ದ ಮನೆತನದಲ್ಲಿ. ಆತನ ತಾಯಿಯ ತಂದೆ ಸುಮನೋಬಾಣನು ಹೊಯ್ಸಳರ ಕಟಕದಲ್ಲಿ ಉಪಾಧ್ಯಾಯನಾಗಿದ್ದ ಕವಿ. ಹೊಯ್ಸಳರು ತಮ್ಮನ್ನು ಯಾದವ ವಂಶದವರೆಂದು ಹೇಳಿಕೊಳ್ಳುತ್ತಿದ್ದುದರಿಂದ ಆತನಿಗೆ ಯಾದವ ಕಟಕದ ಆಚಾರ್ಯನೆಂಬ ಹೆಸರಿದ್ದಿತು. ಸುಮನೋಬಾಣನ ಮಗನೇ ಕವಿಚಕ್ರವರ್ತಿ ಜನ್ನ. 1209ರಲ್ಲಿ ಯಶೋಧರ ಚರಿತೆಯನ್ನೂ 1230ರಲ್ಲಿ ಅನಂತನಾಥ ಪುರಾಣವನ್ನೂ ರಚಿಸಿ, ಅಹಿಂಸಾಧರ್ಮದ ಸಾರವನ್ನು ಕನ್ನಡಿಗರ ಹೃದಯಕ್ಕೆ ಮುಟ್ಟಿಸಿದ ಆ ಜನ್ನನು ಕೇಶಿರಾಜನಿಗೆ ಸೋದರಮಾವ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟುದರಿಂದಲೇ ಭವಭವಗಳಲ್ಲಿ ತೊಳಲಿದ ಯಶೋಧರನ ಕಥೆಯನ್ನು ಕೇಳದ ಜೈನ ಮನೆಯಿಲ್ಲ. ಜನ್ನನು ಕವಿಯೊಬ್ಬನೇ ಅಲ್ಲ; ರಾಜಕಾರ್ಯದಲ್ಲಿಯೂ ದೊಡ್ಡ ಪದವಿಯಲ್ಲಿದ್ದವನು. ದೋರಸಮುದ್ರದ ವಿಜಯಪಾರ್ಶ್ವ ಬಸದಿಗೆ ದ್ವಾರವನ್ನು ಮಾಡಿಸಿದ ಧರ್ಮಕಾರ್ಯವೂ ಆತನದೇ.

ಕೇಶಿರಾಜನ ತಂದೆ ಮಲ್ಲಿಕಾರ್ಜುನ. ಈತನು ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, ಸುಮಾರು 1245ರಲ್ಲಿ, ಸೂಕ್ತಿಸುಧಾರ್ಣವವೆಂಬ ಸಂಕಲನ ಗ್ರಂಥವನ್ನು ಸಿದ್ಧಪಡಿಸಿದನು. ತನಗಿಂತ ಹಿಂದಿನ ಕವಿಗಳ ಕಾವ್ಯಗಳಿಂದ ಒಳ್ಳೆಯ ಪದ್ಯಗಳನ್ನು ಆಯ್ದು, ಸಮುದ್ರ, ಪರ್ವತ, ನಗರ, ಋತು ಮೊದಲಾದ ವರ್ಣನೆಗಳಿಗೆ ಅನುಸಾರವಾಗಿ ಜೋಡಿಸಿದ ಗ್ರಂಥವದು. ಮೂಲಕಾವ್ಯಗಳು ನಷ್ಟವಾಗಿದ್ದರೂ ಅವುಗಳ ಕೆಲವು ಪದ್ಯಗಳು ಇಂದು ಉಳಿದಿರುವುದು ಈ ಸಂಕಲನದ ಪುಣ್ಯದಿಂದಲೇ.

ಹೀಗೆ ತಾತನು ಉಪಾಧ್ಯಾಯ, ಸೋದರಮಾವನು ಮಹಾಕವಿ, ತಂದೆಯು ಕಾವ್ಯಸಂಗ್ರಾಹಕ. ಬೋಧಿಸುವುದು, ರಚಿಸುವುದು, ಕೂಡಿಡುವುದು ಎಂಬ ಮೂರು ವಿದ್ಯೆಗಳೂ ಕೇಶಿರಾಜನಲ್ಲಿ ಒಂದಾಗಿ ಸೇರಿದವು. ಮನೆಯಲ್ಲಿ ಹಿಂದಿನ ಕವಿಗಳ ಓಲೆಗರಿಗಳ ರಾಶಿಯಿದ್ದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು. ಏಕೆಂದರೆ ಆತನು ಪ್ರತಿಯೊಂದು ನಿಯಮಕ್ಕೂ ಪೂರ್ವಕವಿಗಳ ಪ್ರಯೋಗಗಳನ್ನು ಎತ್ತಿ ತೋರಿಸುತ್ತಾನೆ.

ಕೇಶಿರಾಜನು ಸ್ವತಃ ಕವಿಯೂ ಆಗಿದ್ದನು. ಚೋಳಪಾಲಕಚರಿತ, ಸುಭದ್ರಾಹರಣ, ಪ್ರಬೋಧಚಂದ್ರ ಮೊದಲಾದ ಕೃತಿಗಳನ್ನು ತಾನು ರಚಿಸಿದುದಾಗಿ ಆತನೇ ತಿಳಿಸಿದ್ದಾನೆ. ಅವುಗಳಲ್ಲಿ ಒಂದೂ ನಮ್ಮ ಕೈಸೇರಿಲ್ಲ. ಕಾಲನು ಆತನ ಕಾವ್ಯಗಳನ್ನೆಲ್ಲ ಕೊಂಡೊಯ್ದು ವ್ಯಾಕರಣವೊಂದನ್ನು ಮಾತ್ರ ಬಿಟ್ಟುಹೋದನು. ಬೇರೆಯವರ ನುಡಿಯನ್ನು ಉಳಿಸಿದಾತನ ಸ್ವಂತ ಕಾವ್ಯ ಉಳಿಯಲಿಲ್ಲವೆಂಬುದು ವ್ಯಸನದ ಸಂಗತಿ. ಪರೋಪಕಾರವೇ ಆತನ ಹೆಸರನ್ನು ಉಳಿಸಿತೆಂಬುದು ಸಮಾಧಾನದ ಸಂಗತಿ.

ಭಾಷೆ ಬದಲಾಗುತ್ತಿದ್ದ ಕಾಲ

ಕೇಶಿರಾಜನ ಕಾಲವನ್ನು ವಿದ್ವಾಂಸರು ಸುಮಾರು 1260 ಎಂದು ನಿರ್ಣಯಿಸಿದ್ದಾರೆ. ಸೋಮೇಶ್ವರನ ಆಳ್ವಿಕೆ 1254ರಲ್ಲಿ ಮುಗಿದು ಹೊಯ್ಸಳ ರಾಜ್ಯವು ಆತನ ಇಬ್ಬರು ಮಕ್ಕಳಲ್ಲಿ ಹಂಚಿಹೋಗಿದ್ದ ಸಮಯವದು. ರಾಜ್ಯದಂತೆ ಭಾಷೆಯಲ್ಲಿಯೂ ದೊಡ್ಡ ಪಲ್ಲಟವಾಗುತ್ತಿದ್ದಿತು. ಪಂಪನು 941ರಲ್ಲಿ ಆದಿಪುರಾಣವನ್ನು ಬರೆದು ಮುನ್ನೂರು ವರ್ಷಗಳು ಕಳೆದಿದ್ದವು. ಹನ್ನೆರಡನೆಯ ಶತಮಾನದ ವಚನಕಾರರು ಆಡುನುಡಿಯನ್ನೇ ಗ್ರಂಥಕ್ಕೆ ತಂದಿದ್ದರು. ಹರಿಹರನು ರಗಳೆಗಳಲ್ಲಿ ಹೊಸ ದಾರಿ ತುಳಿದಿದ್ದನು. ಜೈನಕವಿಯಾದ ಆಂಡಯ್ಯನು ಸಂಸ್ಕೃತದ ತತ್ಸಮ ಪದಗಳನ್ನು ಬಳಸದೆಯೇ ಕಬ್ಬಿಗರ ಕಾವವನ್ನು ರಚಿಸಿ ತೋರಿಸಿದ್ದನು.

ಜನರ ಬಾಯಲ್ಲಿ ಪಾಲು ಹಾಲಾಗಿತ್ತು, ಪೂ ಹೂವಾಗಿತ್ತು, ಪುಲಿ ಹುಲಿಯಾಗಿತ್ತು. ಪದದ ಕೊನೆಯ ಪ್ರತ್ಯಯಗಳೂ ಸವೆದು ಬೇರೆ ಆಕಾರವನ್ನು ತಾಳುತ್ತಿದ್ದವು. ಈ ಬದಲಾವಣೆ ಕೇಶಿರಾಜನ ಲೇಖನಿಯನ್ನೂ ಬಿಡಲಿಲ್ಲ. ತಾನು ಯಾರ ಮಾರ್ಗವನ್ನು ಪ್ರಮಾಣವೆಂದು ಸ್ವೀಕರಿಸಿದ್ದೇನೆಂದು ಹೇಳುವಾಗ ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯರೊಡನೆ ಪೊನ್ನ ಪಂಪರನ್ನೂ ಆತನು ಹೆಸರಿಸುತ್ತಾನೆ. ಆದರೆ ಅವರನ್ನು ಹೊನ್ನ, ಹಂಪ ಎಂದು ಕರೆಯುತ್ತಾನೆ. ಹಳೆಯ ನುಡಿಗೆ ಕಾವಲಾಗಿ ನಿಂತವನ ಓಲೆಯಲ್ಲಿಯೇ ಪಕಾರವು ಹಕಾರವಾಗಿದ್ದಿತು.

ಆ ಪಟ್ಟಿಯ ಕೊನೆಯಲ್ಲಿ ಸುಜನೋತ್ತಂಸನ ಹೆಸರಿದೆ. ಶ್ರವಣಬೆಳಗೊಳದ ಗೊಮ್ಮಟ ಸ್ತುತಿಯ ಶಾಸನವನ್ನು ಸುಮಾರು 1180ರಲ್ಲಿ ರಚಿಸಿದ ಬೊಪ್ಪಣ ಪಂಡಿತನಿಗೆ ಸುಜನೋತ್ತಂಸನೆಂಬ ಬಿರುದಿದ್ದಿತು. ಗಜಗ, ಗುಣನಂದಿ, ಮನಸಿಜ, ಚಂದ್ರಭಟ್ಟರ ಕನ್ನಡ ಕಾವ್ಯಗಳು ಇಂದಿಗೂ ದೊರೆತಿಲ್ಲ. ಅಂಥವರು ಇದ್ದರೆಂಬ ನೆನಪನ್ನು ಕಾಯ್ದಿಟ್ಟವರಲ್ಲಿ ಕೇಶಿರಾಜನೂ ಒಬ್ಬನು.

ಇದರಲ್ಲಿ ಜೈನಸಮಾಜದ ಹಿತವೂ ಅಡಗಿದ್ದಿತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಮಾಡಿಸಿ ಹಂಚಿದ ಸಂಗತಿ ಎಲ್ಲರಿಗೂ ತಿಳಿದಿದೆ. ಓಲೆಗರಿಯನ್ನು ಗೆದ್ದಲಿನಿಂದ ಕಾಪಾಡಬಹುದು; ಪ್ರತಿ ಮಾಡಿಸಿ ಸಂಖ್ಯೆಯನ್ನು ಹೆಚ್ಚಿಸಬಹುದು. ಆದರೆ ಓದುವವನಿಗೆ ಪದದ ರೂಪವೇ ಅರ್ಥವಾಗದಿದ್ದರೆ ಸಾವಿರ ಪ್ರತಿಗಳಿದ್ದರೂ ಬೀಗ ಹಾಕಿದ ಸಾವಿರ ಪೆಟ್ಟಿಗೆಗಳಂತೆ. ಆದಿಪುರಾಣ, ಶಾಂತಿಪುರಾಣ, 993ರ ಅಜಿತಪುರಾಣ ಇವೆಲ್ಲವೂ ಬೀಗ ಬಿದ್ದ ಪೆಟ್ಟಿಗೆಗಳಾಗುವ ಅಪಾಯ ಹತ್ತಿರವಾಗಿದ್ದಾಗ ಕೇಶಿರಾಜನು ಬೀಗದ ಕೈಯನ್ನು ಮಾಡಿಕೊಟ್ಟನು.

ಗ್ರಂಥದ ಸ್ವರೂಪ

ಕೇಶಿರಾಜನಿಗಿಂತ ಹಿಂದೆಯೂ ವ್ಯಾಕರಣಕಾರರಿದ್ದರು. ಕರ್ನಾಟಕದ ಜೈನಾಚಾರ್ಯರಿಗೆ ವ್ಯಾಕರಣವು ಪ್ರಿಯವಾದ ಶಾಸ್ತ್ರ. ಪೂಜ್ಯಪಾದ ದೇವನಂದಿ ಆಚಾರ್ಯರು ಸಂಸ್ಕೃತಕ್ಕೆ ಜೈನೇಂದ್ರ ವ್ಯಾಕರಣವನ್ನು ರಚಿಸಿದರು. ಪಾಲ್ಯಕೀರ್ತಿ ಶಾಕಟಾಯನರು ತಮ್ಮ ವ್ಯಾಕರಣದ ವೃತ್ತಿಗೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿನಿಂದ ಅಮೋಘವೃತ್ತಿಯೆಂದು ಹೆಸರಿಟ್ಟರು. ಅದೇ ಚಕ್ರವರ್ತಿಯ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗದಲ್ಲಿಯೂ ಕನ್ನಡದ ಪದಪ್ರಯೋಗಗಳ ವಿಚಾರ ಬಂದಿದೆ. ಅನಂತರ ನಾಗವರ್ಮನು ಕಾವ್ಯಾವಲೋಕನದ ಒಂದು ಭಾಗದಲ್ಲಿ ಕನ್ನಡದಲ್ಲಿಯೂ, ಕರ್ಣಾಟಕ ಭಾಷಾಭೂಷಣದಲ್ಲಿ ಸಂಸ್ಕೃತ ಸೂತ್ರಗಳಿಂದಲೂ ಕನ್ನಡದ ವ್ಯಾಕರಣವನ್ನು ಹೇಳಿದನು. ಒಂದು ಕಾವ್ಯಶಾಸ್ತ್ರದ ಅಂಗವಾಗಿ ಅಲ್ಲದೆ, ಪರಭಾಷೆಯ ಸೂತ್ರಗಳಿಂದಲೂ ಅಲ್ಲದೆ, ಕನ್ನಡಕ್ಕೆ ಕನ್ನಡದಲ್ಲಿಯೇ ಪೂರ್ಣವಾದ ವ್ಯಾಕರಣವನ್ನು ಕೊಟ್ಟವನು ಕೇಶಿರಾಜನು.

ಶಬ್ದಮಣಿದರ್ಪಣದ ಸೂತ್ರಗಳು ಕಂದಪದ್ಯಗಳಲ್ಲಿವೆ. ಬಾಯಿಪಾಠಕ್ಕೆ ಅನುಕೂಲವಾಗಲೆಂದು ಪದ್ಯ. ತಿಳಿವಳಿಕೆಗೆ ಅನುಕೂಲವಾಗಲೆಂದು ಕವಿಯೇ ಬರೆದ ಗದ್ಯವೃತ್ತಿ. ನಂಬಿಕೆಗೆ ಆಧಾರವಾಗಲೆಂದು ಪೂರ್ವಕವಿಗಳ ಪ್ರಯೋಗ. ಪೀಠಿಕೆಯ ಅನಂತರ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಎಂಟು ಪ್ರಕರಣಗಳು ಬರುತ್ತವೆ. ಕೊನೆಯಲ್ಲಿ ಕಠಿಣ ಪದಗಳ ಅರ್ಥವನ್ನು ತಿಳಿಸುವ ಪ್ರಯೋಗಸಾರವಿದೆ.

ಗ್ರಂಥದ ಆರಂಭದಲ್ಲಿ ಶಬ್ದವು ಹುಟ್ಟುವ ಬಗೆಯನ್ನು ಹೇಳುವ ಮಾತು ಜೈನರು ವಿಶೇಷವಾಗಿ ಗಮನಿಸತಕ್ಕದ್ದು. ಜೀವದ ಇಚ್ಛೆಯಿಂದ, ಅನುಕೂಲವಾದ ವಾಯುವಿನ ಸಹಾಯದಿಂದ, ನಾಭಿಯ ಮೂಲದಲ್ಲಿ ಕಹಳೆಯ ಆಕಾರದಲ್ಲಿ ಶಬ್ದದ್ರವ್ಯವು ಹುಟ್ಟುತ್ತದೆಯೆಂದೂ, ಅದರ ಬಣ್ಣ ಬಿಳಿಯೆಂದೂ, ನಾವು ಕೇಳುವ ಧ್ವನಿಯು ಅದರ ಕಾರ್ಯವೆಂದೂ ಕೇಶಿರಾಜನು ತಿಳಿಸುತ್ತಾನೆ. ನ್ಯಾಯದರ್ಶನದವರು ಶಬ್ದವನ್ನು ಆಕಾಶದ ಗುಣವೆನ್ನುತ್ತಾರೆ. ಶಬ್ದವು ಪುದ್ಗಲದ ಪರ್ಯಾಯವೆಂಬುದು ತತ್ತ್ವಾರ್ಥಸೂತ್ರದ ಸಿದ್ಧಾಂತ. ಶಬ್ದಕ್ಕೆ ದ್ರವ್ಯತ್ವವನ್ನೂ ಬಣ್ಣವನ್ನೂ ಹೇಳಿದ ಕೇಶಿರಾಜನು ಯಾವ ದರ್ಶನದ ನೆರಳಿನಲ್ಲಿ ಬೆಳೆದವನೆಂಬುದು ಇದರಿಂದ ವಿದಿತವಾಗುತ್ತದೆ.

ನಾಮಪದಗಳ ರೂಪಗಳು

ಪದವು ರೂಪವನ್ನು ಬದಲಿಸುವುದೆಂದರೇನು? ವ್ಯಾಪಾರಸ್ಥರ ಲೆಕ್ಕದ ಪುಸ್ತಕವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಅಣ್ಣಯ್ಯನಿಗೆ 100 ರೂಪಾಯಿ ಎಂದು ಬರೆದರೆ ಅದು ಖರ್ಚಿನ ಬಾಬು. ಅಣ್ಣಯ್ಯನಿಂದ 100 ರೂಪಾಯಿ ಎಂದು ಬರೆದರೆ ಅದು ಜಮಾ ಬಾಬು. ಮನುಷ್ಯನೂ ಅವನೇ, ಹಣವೂ ಅಷ್ಟೇ. ಪದದ ಕೊನೆಯ ಒಂದು ಅಕ್ಷರ ಬದಲಾದ ಮಾತ್ರಕ್ಕೆ ಕೊಟ್ಟವನು ಪಡೆದವನಾಗುತ್ತಾನೆ. ಈ ಕೊನೆಯ ಅಕ್ಷರಗಳನ್ನೇ ವ್ಯಾಕರಣದಲ್ಲಿ ವಿಭಕ್ತಿ ಪ್ರತ್ಯಯಗಳೆನ್ನುವುದು.

ಕೇಶಿರಾಜನು ಕನ್ನಡಕ್ಕೆ ಏಳು ವಿಭಕ್ತಿಗಳನ್ನು ಹೇಳಿ, ಮ್, ಅಮ್, ಇಮ್, ಗೆ, ಅತ್ತಣಿಂ, ಅ, ಒಳ್ ಎಂಬ ಪ್ರತ್ಯಯಗಳನ್ನು ಕ್ರಮವಾಗಿ ತಿಳಿಸುತ್ತಾನೆ. ಜಿನ ಎಂಬ ಪದಕ್ಕೆ ಇವನ್ನು ಹಚ್ಚಿದರೆ ಹಳಗನ್ನಡದಲ್ಲಿ ಜಿನಂ, ಜಿನನಂ, ಜಿನನಿಂ, ಜಿನಂಗೆ, ಜಿನನತ್ತಣಿಂ, ಜಿನನ, ಜಿನನೊಳ್ ಎಂಬ ರೂಪಗಳಾಗುತ್ತವೆ. ಇಂದಿನ ಕನ್ನಡದಲ್ಲಿ ಇವೇ ಜಿನನು, ಜಿನನನ್ನು, ಜಿನನಿಂದ, ಜಿನನಿಗೆ, ಜಿನನ ದೆಸೆಯಿಂದ, ಜಿನನ, ಜಿನನಲ್ಲಿ ಎಂದಾಗಿವೆ. ಈ ಎರಡು ಸಾಲುಗಳನ್ನು ಅಕ್ಕಪಕ್ಕದಲ್ಲಿಟ್ಟು ನಾಲ್ಕು ಸಲ ಓದಿದವನಿಗೆ ಹಳಗನ್ನಡ ಪುರಾಣಗಳ ಭಯ ಅರ್ಧದಷ್ಟು ಕಳೆಯುವುದರಲ್ಲಿ ಸಂದೇಹವಿಲ್ಲ.

ಪ್ರತ್ಯಯವು ಎಲ್ಲ ಪದಗಳಿಗೂ ಒಂದೇ ರೀತಿಯಲ್ಲಿ ಹತ್ತುವುದಿಲ್ಲ. ಮರ ಎಂಬುದು ಮರದಿಂದ ಎಂದಾಗುವಾಗ ನಡುವೆ ದಕಾರವು ಬರುತ್ತದೆ. ಹಳ್ಳಿ ಎಂಬುದು ಹಳ್ಳಿಯಿಂದ ಎಂದಾಗುವಾಗ ಯಕಾರವು ಬರುತ್ತದೆ. ಗುರು ಎಂಬುದರಲ್ಲಿ ವಕಾರವು ಕಾಣಿಸಿಕೊಳ್ಳುತ್ತದೆ. ಮರಕ್ಕೆ ಎನ್ನುವಲ್ಲಿ ಕಕಾರವು ಇಮ್ಮಡಿಯಾದರೆ ಹಳ್ಳಿಗೆ ಎನ್ನುವಲ್ಲಿ ಗೆ ಎಂಬುದೇ ಸಾಕು. ಎರಡು ವರ್ಷದ ಮಗುವೂ ಇದನ್ನು ತಪ್ಪಿಲ್ಲದೆ ಆಡಲು ಕಲಿಯುತ್ತದೆ; ಆದರೆ ಏಕೆ ಹೀಗೆಂದು ಕೇಳಿದರೆ ಹಿರಿಯರೂ ತಡವರಿಸುತ್ತಾರೆ. ಎಲ್ಲರ ಬಾಯಲ್ಲಿಯೂ ಇದ್ದು ಯಾರ ಅರಿವಿಗೂ ಬಾರದಿದ್ದ ಇಂಥ ಕ್ರಮವನ್ನು ಕೇಶಿರಾಜನು ಒಂದೊಂದಾಗಿ ಗುರುತಿಸಿ ಸೂತ್ರಕ್ಕೆ ತಂದನು.

ಪದದ ರೂಪವು ಅರ್ಥವನ್ನು ಹೊರುವ ಬಗೆಯನ್ನು ತಿಳಿಯಲು ಪ್ರತಿಯೊಬ್ಬ ಶ್ರಾವಕನೂ ದಿನವೂ ಜಪಿಸುವ ಪಂಚನಮಸ್ಕಾರ ಮಂತ್ರವೂ ಸಹಾಯಕವಾಗಿದೆ. ಅದರಲ್ಲಿ ಪರಮೇಷ್ಠಿಗಳನ್ನು ಹೇಳುವ ಪ್ರತಿಯೊಂದು ಪದದ ಕೊನೆಯಲ್ಲಿಯೂ ಣಂ ಎಂಬ ಧ್ವನಿಯು ಬರುತ್ತದೆ. ಇದು ಪ್ರಾಕೃತದಲ್ಲಿ ಷಷ್ಠೀ ವಿಭಕ್ತಿಯ ಬಹುವಚನದ ಗುರುತು. ಪ್ರಾಕೃತದಲ್ಲಿ ಚತುರ್ಥಿಯ ಕೆಲಸವನ್ನು ಷಷ್ಠಿಯೇ ಮಾಡುವುದರಿಂದ ಅರಹಂತರಿಗೆ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಸಾಧುಗಳಿಗೆ ಎಂಬ ಅರ್ಥವು ದೊರೆಯುತ್ತದೆ. ಕನ್ನಡದಲ್ಲಿ ಅರ್ ಎಂಬ ಬಹುವಚನವೂ ಗೆ ಎಂಬ ವಿಭಕ್ತಿಯೂ ಬೇರೆಬೇರೆಯಾಗಿ ಒಂದರ ಮೇಲೊಂದು ಹತ್ತಿ ನಿಲ್ಲುತ್ತವೆ. ಪ್ರಾಕೃತದಲ್ಲಿ ಒಂದೇ ಪ್ರತ್ಯಯವು ಎರಡು ಕೆಲಸಗಳನ್ನೂ ಮಾಡುತ್ತದೆ. ನಮಸ್ಕಾರವು ಒಬ್ಬರಿಗಲ್ಲ, ಸರ್ವರಿಗೂ ಎಂಬ ಮಂತ್ರದ ತತ್ತ್ವವೇ ಆ ಕೊನೆಯ ಅಕ್ಷರದಲ್ಲಿದೆ. ಅದನ್ನು ನುಂಗಿ ಉಚ್ಚರಿಸಬಾರದೆಂದು ಹಿರಿಯರು ಹೇಳುವುದಕ್ಕೆ ಇದೂ ಒಂದು ಕಾರಣ.

ಕ್ರಿಯಾಪದಗಳ ರೂಪಗಳು

ಆಖ್ಯಾತ ಪ್ರಕರಣದಲ್ಲಿ ಕ್ರಿಯಾಪದಗಳ ವಿಚಾರವಿದೆ. ನೋಡು ಎಂಬ ಧಾತುವಿನಿಂದ ನೋಡಿದಂ ಎಂದರೆ ಭೂತಕಾಲ, ನೋಡಿದಪಂ ಎಂದರೆ ವರ್ತಮಾನ, ನೋಡುವಂ ಎಂದರೆ ಭವಿಷ್ಯತ್ತು. ಧಾತುವಿನ ಮುಂದೆ ಕಾಲವನ್ನು ಸೂಚಿಸುವ ಅಕ್ಷರ, ಅದರ ಮುಂದೆ ಮಾಡಿದವನು ಯಾರೆಂಬುದನ್ನು ಸೂಚಿಸುವ ಅಕ್ಷರ. ನೋಡಿದೆಂ ಎಂದರೆ ನಾನು, ನೋಡಿದಯ್ ಎಂದರೆ ನೀನು, ನೋಡಿದರ್ ಎಂದರೆ ಅವರು. ಕರ್ತೃವನ್ನು ಬಿಡಿಯಾಗಿ ಹೇಳದಿದ್ದರೂ ಒಂದೇ ಪದದಲ್ಲಿ ಕ್ರಿಯೆ, ಕಾಲ, ಕರ್ತೃ ಮೂರೂ ತಿಳಿಯುತ್ತವೆ. ಇವುಗಳಲ್ಲಿ ನೋಡಿದಪಂ ಎಂಬ ರೂಪವು ಬಳಕೆಯಿಂದ ಮರೆಯಾಗಿ ಅದರ ಸ್ಥಾನಕ್ಕೆ ನೋಡುತ್ತಾನೆ ಎಂಬುದು ಬಂದಿದೆ. ಕೇಶಿರಾಜನು ಸೂತ್ರವನ್ನು ಬರೆದಿಡದಿದ್ದರೆ ಆದಿಪುರಾಣದಲ್ಲಿ ಇಂಥ ರೂಪವು ಬಂದಾಗ ಅದು ನಡೆದುಹೋದ ಸಂಗತಿಯೋ ಕಣ್ಣಮುಂದೆ ನಡೆಯುತ್ತಿರುವ ಸಂಗತಿಯೋ ಎಂದು ಓದುಗನು ಸಂಶಯಪಡಬೇಕಾಗುತ್ತಿತ್ತು.

ನಿಷೇಧ ರೂಪವು ಇನ್ನೂ ಸ್ವಾರಸ್ಯವಾಗಿದೆ. ನೋಡಂ ಎಂದರೆ ನೋಡುವುದಿಲ್ಲವೆಂದು ಅರ್ಥ. ಇಲ್ಲಿ ಇಲ್ಲವೆಂಬ ಅರ್ಥವನ್ನು ಕೊಡುವ ಅಕ್ಷರವೊಂದು ಬೇರೆಯಾಗಿ ಕಾಣುವುದಿಲ್ಲ. ಕಾಲವನ್ನು ಸೂಚಿಸುವ ಅಕ್ಷರವು ಇಲ್ಲದಿರುವುದೇ ನಿಷೇಧದ ಗುರುತು. ಕಾಲದ ಗುರುತೇ ಇಲ್ಲವಾದುದರಿಂದ ಈ ರೂಪವು ಮೂರು ಕಾಲಗಳಿಗೂ ಸಲ್ಲುತ್ತದೆ. ಇದು ಹಳೆಯ ಕಾವ್ಯಗಳಿಗೆ ಮಾತ್ರ ಸೇರಿದ್ದಲ್ಲ. ಒಲ್ಲೆ, ಅರಿಯೆ, ಸಾಲದು, ಕೂಡದು, ಬಾರದು ಎಂಬ ದಿನಬಳಕೆಯ ಮಾತುಗಳು ಇದೇ ಜಾತಿಯವು. ಜೀವಹಿಂಸೆ ಕೂಡದು, ರಾತ್ರಿಭೋಜನ ಮಾಡಬಾರದು, ಸುಳ್ಳು ಆಡಬಾರದು ಎಂದು ಮನೆಯ ಹಿರಿಯರು ಮಕ್ಕಳಿಗೆ ವ್ರತಗಳನ್ನು ಹೇಳಿಕೊಡುವಾಗ ಬಳಸುವ ಮಾತು ಇದೇ. ಇಂದು ಕೂಡದು, ನಾಳೆ ಕೂಡಬಹುದು ಎಂಬ ಅರ್ಥಕ್ಕೆ ಅದರಲ್ಲಿ ಎಡೆಯಿಲ್ಲ. ವ್ರತದ ದೃಢತೆಗೆ ತಕ್ಕ ರೂಪವು ಕನ್ನಡದ ಧಾತುವಿನಲ್ಲಿಯೇ ಒದಗಿರುವುದು ಸಂತೋಷದ ವಿಷಯ.

ಬಸದಿಯೆಂಬ ಪದ, ಶೆಟ್ಟಿಹಳ್ಳಿಯೆಂಬ ಹೆಸರು

ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತದ ಪದಗಳು ಕನ್ನಡಕ್ಕೆ ಬರುವಾಗ ತಾಳುವ ರೂಪಗಳು ನಿರೂಪಿತವಾಗಿವೆ. ಇವನ್ನೇ ತದ್ಭವಗಳೆನ್ನುವುದು. ವನವು ಬನವಾಯಿತು, ಕಾವ್ಯವು ಕಬ್ಬವಾಯಿತು, ಶ್ರೀಯು ಸಿರಿಯಾಯಿತು, ಯಕ್ಷನು ಜಕ್ಕನಾದನು, ಶ್ರಮಣನು ಸವಣನಾದನು. ಬಸದಿಯೆಂಬ ಪದವೂ ತದ್ಭವವೇ. ಸಂಸ್ಕೃತದ ವಸತಿಯೆಂಬ ಪದದಲ್ಲಿ ವಕಾರವು ಬಕಾರವಾಗಿ, ತಕಾರವು ದಕಾರವಾಗಿ ಬಸದಿಯಾಯಿತು. ವಸತಿಯೆಂದರೆ ಯಾರ ವಾಸಸ್ಥಾನವೂ ಆಗಬಹುದು, ಬಸದಿಯೆಂದರೆ ಜಿನಮಂದಿರವೊಂದೇ. ರೂಪವು ಬದಲಾದಾಗ ಅರ್ಥವೂ ನೆಲೆಗೊಂಡು ಪವಿತ್ರವಾಯಿತು.

ಬೆಂಗಳೂರಿನ ಉತ್ತರ ಭಾಗದ ಶೆಟ್ಟಿಹಳ್ಳಿಯೆಂಬ ಹೆಸರನ್ನು ಬಿಡಿಸಿ ನೋಡಿದರೆ ಶಬ್ದಮಣಿದರ್ಪಣದ ಎರಡು ಪಾಠಗಳು ಅದರಲ್ಲಿಯೇ ದೊರೆಯುತ್ತವೆ. ಸಂಸ್ಕೃತದ ಶ್ರೇಷ್ಠಿಯು ಸೆಟ್ಟಿಯಾದುದು ತದ್ಭವದ ಪಾಠ. ಹಳಗನ್ನಡದ ಪಳ್ಳಿಯು ಹಳ್ಳಿಯಾದುದು ಪಕಾರವು ಹಕಾರವಾಗುವ ಪಾಠ. ತಮಿಳಿನಲ್ಲಿ ಪಳ್ಳಿಯೆಂಬ ಪದವು ಇಂದಿಗೂ ಉಳಿದಿದೆ. ಆ ಭಾಷೆಯಲ್ಲಿ ಜೈನ ಮುನಿಗಳ ನೆಲೆಗೂ ಪಳ್ಳಿಯೆಂಬ ಹೆಸರಿದ್ದಿತು. ಶೆಟ್ಟಿಹಳ್ಳಿಗೆ, ಶೆಟ್ಟಿಹಳ್ಳಿಯಿಂದ, ಶೆಟ್ಟಿಹಳ್ಳಿಯಲ್ಲಿ ಎಂದು ನಿತ್ಯವೂ ಮಾತನಾಡುವ ಜನರು ಏಳು ನೂರು ವರ್ಷಗಳ ಹಿಂದೆ ಕೇಶಿರಾಜನು ಬರೆದಿಟ್ಟ ವಿಭಕ್ತಿಗಳ ಮೊಮ್ಮಕ್ಕಳನ್ನೇ ಬಳಸುತ್ತಿದ್ದಾರೆ.

ಕಳೆದುಹೋಗುತ್ತಿದ್ದ ಒಂದು ಅಕ್ಷರ

ಕನ್ನಡದ ಶುದ್ಧಾಕ್ಷರಗಳು 47 ಎಂದು ಕೇಶಿರಾಜನು ಗಣನೆ ಮಾಡುತ್ತಾನೆ. ಅವುಗಳಲ್ಲಿ ೞ ಎಂಬ ಅಕ್ಷರವೂ ಒಂದು. ಕೇಶಿರಾಜನ ಕಾಲಕ್ಕೆ ಜನರು ಇದನ್ನು ಳಕಾರದಂತೆಯೇ ಉಚ್ಚರಿಸಲು ತೊಡಗಿದ್ದರು. ಮೞೆಯು ಮಳೆಯಾಗಿತ್ತು, ಏೞು ಏಳಾಗಿತ್ತು. ಇದರಿಂದ ಅರ್ಥಕ್ಕೆ ಹಾನಿಯುಂಟು. ಬಾಳ್ ಎಂದರೆ ಕತ್ತಿ. ಬಾೞ್ ಎಂದರೆ ಜೀವಿಸು. ಅಳಿ ಎಂದರೆ ದುಂಬಿ. ಅೞಿ ಎಂದರೆ ನಾಶವಾಗು. ಎರಡನ್ನೂ ಒಂದೇ ಅಕ್ಷರದಿಂದ ಬರೆದರೆ ಕತ್ತಿಗೂ ಬದುಕಿಗೂ ಭೇದ ತಿಳಿಯದು. ಪ್ರತಿ ಮಾಡುವ ಲಿಪಿಕಾರನಿಗೆ ಈ ಭೇದವು ಗೊತ್ತಿರದಿದ್ದರೆ ಗ್ರಂಥವೇ ಕೆಡುತ್ತದೆ. ಆದುದರಿಂದ ಕೇಶಿರಾಜನು ೞಕಾರವುಳ್ಳ ಪದಗಳನ್ನು ಹುಡುಕಿ ಪಟ್ಟಿಮಾಡಿ ಇಟ್ಟನು. ಅಕ್ಷರವು ಕನ್ನಡಿಗರ ಬಾಯಿಗೆ ಹಿಂದಿರುಗಲಿಲ್ಲ. ಆದರೆ ಹಳೆಯ ಗ್ರಂಥಗಳನ್ನು ಶುದ್ಧವಾಗಿ ಸಂಪಾದಿಸುವ ವಿದ್ವಾಂಸರಿಗೆ ಆ ಪಟ್ಟಿಯು ಇಂದಿಗೂ ಒರೆಗಲ್ಲಾಗಿದೆ.

ಇಲ್ಲಿ ಕೇಶಿರಾಜನ ಸ್ವಭಾವವನ್ನು ಅರಿಯಬಹುದು. ಭಾಷೆ ಬದಲಾಗುವುದನ್ನು ಆತನು ತಡೆಯಲಾರದವನಾಗಿದ್ದನು. ಯಾರಿಂದಲೂ ಅದು ಆಗದ ಕೆಲಸ. ಬದಲಾದುದನ್ನು ಕಂಡು ಕಣ್ಣು ಮುಚ್ಚಿಕೊಳ್ಳಲೂ ಇಲ್ಲ. ಹಳೆಯದು ಏನಿತ್ತೆಂಬುದನ್ನು ಸಾಕ್ಷಿಸಹಿತವಾಗಿ ದಾಖಲೆ ಮಾಡಿದನು. ಪರ್ಯಾಯಗಳು ಹುಟ್ಟಿ ಅಳಿಯುತ್ತವೆ, ದ್ರವ್ಯವು ನಿಲ್ಲುತ್ತದೆ ಎಂಬ ಜೈನತತ್ತ್ವವನ್ನು ಬಲ್ಲವರಿಗೆ ಈ ನಿಲುವು ಹೊಸದೇನೂ ಅಲ್ಲ.

ವ್ಯಾಕರಣದ ಪರಮಪ್ರಯೋಜನ

ವ್ಯಾಕರಣವು ಪಂಡಿತರ ವಾದವಿವಾದಕ್ಕೆ ಮಾತ್ರ ಬೇಕಾದುದೆಂದು ತಿಳಿಯುವವರಿದ್ದಾರೆ. ಕೇಶಿರಾಜನು ಹಾಗೆ ತಿಳಿದವನಲ್ಲ. ವ್ಯಾಕರಣದಿಂದ ಪದವು ಸಿದ್ಧಿಸುತ್ತದೆ. ಸಿದ್ಧವಾದ ಪದದಿಂದ ಅರ್ಥವು ದೊರೆಯುತ್ತದೆ. ಅರ್ಥವನ್ನು ಅರಿತರೆ ತತ್ತ್ವದ ದರ್ಶನವಾಗುತ್ತದೆ. ತತ್ತ್ವವನ್ನು ಕಂಡವನಿಗೆ ಬಯಸಿದ ಮುಕ್ತಿಯು ಲಭಿಸುತ್ತದೆ ಎಂಬುದು ಆತನ ಅಭಿಪ್ರಾಯ. ಮೆಟ್ಟಿಲ ಮೇಲೆ ಮೆಟ್ಟಿಲಾಗಿ ಹೋಗುವ ಈ ದಾರಿಯಲ್ಲಿ ವ್ಯಾಕರಣವು ಮೊದಲನೆಯ ಮೆಟ್ಟಿಲು. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳೆಂಬ ರತ್ನತ್ರಯದಲ್ಲಿ ಜ್ಞಾನಕ್ಕೆ ಇರುವ ಸ್ಥಾನವನ್ನು ನೆನೆದರೆ ಆತನ ಮಾತಿನ ತೂಕವು ತಿಳಿಯುತ್ತದೆ. ಪದವನ್ನು ತಪ್ಪಾಗಿ ತಿಳಿದವನು ಅರ್ಥವನ್ನು ತಪ್ಪಾಗಿ ತಿಳಿಯುತ್ತಾನೆ. ಅರ್ಥವನ್ನು ತಪ್ಪಾಗಿ ತಿಳಿದವನ ಆಚರಣೆಯೂ ತಪ್ಪುತ್ತದೆ. ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಹಿರಿಮೆಯನ್ನು ಹೇಳಿರುವುದು ಈ ಕಾರಣದಿಂದಲೇ.

ಅನಂತರದ ಕಾಲದಲ್ಲಿ

ಕೇಶಿರಾಜನ ಗ್ರಂಥವು ಜೈನರ ಸ್ವತ್ತಾಗಿ ಮಾತ್ರ ಉಳಿಯಲಿಲ್ಲ. ಲಿಂಗಣಾರಾಧ್ಯ, ನಿಷ್ಠೂರ ಸಂಜಯ್ಯ ಮೊದಲಾದವರು ಅದಕ್ಕೆ ಟೀಕೆಗಳನ್ನು ಬರೆದು ಪಾಠಪ್ರವಚನದಲ್ಲಿ ಉಳಿಸಿಕೊಂಡು ಬಂದರು. 1604ರಲ್ಲಿ ಹಾಡುವಳ್ಳಿ ಮಠದ ಪರಂಪರೆಯ ಭಟ್ಟಾಕಳಂಕದೇವರು ಸಂಸ್ಕೃತ ಸೂತ್ರಗಳಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿ, ಕನ್ನಡವು ಶಾಸ್ತ್ರಕ್ಕೆ ಯೋಗ್ಯವಾದ ಭಾಷೆಯೆಂದು ವಿದ್ವತ್ಪ್ರಪಂಚದ ಮುಂದೆ ಸಾಧಿಸಿದರು. ನಾಗವರ್ಮ, ಕೇಶಿರಾಜ, ಭಟ್ಟಾಕಳಂಕ ಈ ಮೂವರನ್ನು ಹಳಗನ್ನಡ ವ್ಯಾಕರಣದ ರತ್ನತ್ರಯವೆಂದು ಕರೆದರೆ ಅತಿಶಯೋಕ್ತಿಯಾಗಲಾರದು.

ಮುದ್ರಣ ಬಂದ ಮೇಲೆ ಕೇಶಿರಾಜನ ಕೀರ್ತಿ ಇನ್ನೂ ದೂರ ಹಬ್ಬಿತು. ಜರ್ಮನಿಯಿಂದ ಕ್ರೈಸ್ತಧರ್ಮದ ಪ್ರಚಾರಕ್ಕೆಂದು ಬಂದ ಫರ್ಡಿನೆಂಡ್ ಕಿಟ್ಟೆಲರು ಓಲೆಪ್ರತಿಗಳನ್ನು ಹೋಲಿಸಿ ನೋಡಿ, ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪ್ರಕಟಿಸಿದರು. 1894ರಲ್ಲಿ ಹೊರಬಂದ ಅವರ ಪ್ರಸಿದ್ಧ ನಿಘಂಟಿಗೂ, 1903ರಲ್ಲಿ ಹೊರಬಂದ ಅವರ ಕನ್ನಡ ವ್ಯಾಕರಣಕ್ಕೂ ಕೇಶಿರಾಜನೇ ಮುಖ್ಯ ಆಧಾರಗಳಲ್ಲೊಬ್ಬನು. ಮುಂದೆ ಡಿ. ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ ವಿದ್ಯಾರ್ಥಿಗಳ ಕೈಗೆ ಸಿಗುವಂತೆ ಮಾಡಿದರು. 2008ರಲ್ಲಿ ಭಾರತ ಸರ್ಕಾರವು ಕನ್ನಡವನ್ನು ಶಾಸ್ತ್ರೀಯ ಭಾಷೆಯೆಂದು ಮನ್ನಿಸಿತು. ಆ ಗೌರವಕ್ಕೆ ತಳಹದಿಯಾದ ಪ್ರಾಚೀನ ಗ್ರಂಥಗಳನ್ನು ಇಂದು ಓದಿ ಅರ್ಥಮಾಡಿಕೊಳ್ಳಲು ಸಾಧ್ಯವಾಗಿರುವುದರಲ್ಲಿ ಕೇಶಿರಾಜನ ಪಾಲು ದೊಡ್ಡದು.

ಸಮಾಜದ ಕರ್ತವ್ಯ

ಕೇಶಿರಾಜನಿಗೆ ಸಮಾಧಿಯಿಲ್ಲ, ನಿಸಿದಿಗೆಯ ಕಲ್ಲು ಕಂಡುಬಂದಿಲ್ಲ. ಆತನ ಮುಖವನ್ನು ಕೆತ್ತಿದ ಶಿಲ್ಪವಿಲ್ಲ. ಆತನ ಸ್ಮಾರಕವೆಂದರೆ ಆತನ ಪುಸ್ತಕವೊಂದೇ. ಅದನ್ನು ಪೂಜಿಸಿದರೆ ಸಾಲದು, ತೆರೆದು ಓದಬೇಕು. ಬಿಂಬಪ್ರತಿಷ್ಠೆಯಾದ ಬಸದಿಯಲ್ಲಿ ನಿತ್ಯಪೂಜೆ ನಡೆಯದಿದ್ದರೆ ಪ್ರತಿಷ್ಠೆಯ ಫಲವು ಹೇಗೆ ನಿಲ್ಲುವುದಿಲ್ಲವೋ, ಓದುವವರಿಲ್ಲದಿದ್ದರೆ ಶಾಸ್ತ್ರಭಂಡಾರದ ಫಲವೂ ಹಾಗೆಯೇ ನಿಲ್ಲುವುದಿಲ್ಲ.

ನಮ್ಮ ಮಕ್ಕಳು ಇಂದು ಅನೇಕ ಭಾಷೆಗಳನ್ನು ಕಲಿಯುತ್ತಿದ್ದಾರೆ, ಅದು ಒಳ್ಳೆಯದೇ. ಅದರೊಡನೆ ವಾರಕ್ಕೊಂದು ದಿನ ಬಸದಿಯ ಆವರಣದಲ್ಲಿ ಹಿರಿಯರೊಬ್ಬರು ಕುಳಿತು, ಜಿನಂ ಎಂದರೆ ಜಿನನು, ಜಿನನೊಳ್ ಎಂದರೆ ಜಿನನಲ್ಲಿ ಎಂದು ಏಳು ವಿಭಕ್ತಿಗಳನ್ನು ಹೇಳಿಕೊಟ್ಟು, ಆದಿಪುರಾಣದ ಒಂದೊಂದೇ ಪದ್ಯವನ್ನು ಓದಿಸಿದರೆ ಒಂದು ವರ್ಷದಲ್ಲಿ ಮಕ್ಕಳು ತಾವಾಗಿಯೇ ಓದಬಲ್ಲರು. ಇದಕ್ಕೆ ದೊಡ್ಡ ಧನಸಹಾಯ ಬೇಕಾಗಿಲ್ಲ. ಒಂದು ಪುಸ್ತಕ, ಒಂದು ಚಾಪೆ, ಹೇಳಿಕೊಡುವ ಮನಸ್ಸು ಇವಿಷ್ಟಿದ್ದರೆ ಸಾಕು. ದಾನಿಗಳು ಗ್ರಂಥಗಳನ್ನು ಕೊಡಿಸಲಿ. ತಿಳಿದವರು ಬಿಡುವು ಮಾಡಿಕೊಂಡು ಬರಲಿ. ತಾಯಂದಿರು ಮಕ್ಕಳನ್ನು ಕಳುಹಿಸಲಿ. ಜಿನವಾಣಿಯನ್ನು ಕನ್ನಡದಲ್ಲಿ ಕೇಳುವ ಕಿವಿ ಮುಂದಿನ ತಲೆಮಾರಿಗೂ ಉಳಿಯಲಿ.